ವಿಮೆಯ ಕಂತು ಮತ್ತು ಓಡಿದ ದಾರಿ

ವಾಹನ ವಿಮೆಯ ದರ ಏರಿತೆಂಬ ಸುದ್ದಿ ಬಂದ ದಿನ ನಮ್ಮ ಘಟ್ಟದ ಊರುಗಳ ಚಹಾದಂಗಡಿಯಲ್ಲಿ ನಡೆಯುವ ಮಾತಿಗೂ ನಗರದ ಲಾರಿ ಮಾಲೀಕರ ಸಭೆಯಲ್ಲಿ ನಡೆಯುವ ಮಾತಿಗೂ ಹೆಚ್ಚಿನ ಅಂತರವಿರುವುದಿಲ್ಲ. ಕಂಪನಿಗಳು ದೋಚುತ್ತಿವೆ, ಸರ್ಕಾರ ಅವುಗಳ ಬೆನ್ನಿಗಿದೆ, ದರ ಇಳಿಯಲೇಬೇಕು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈ ಸಿಟ್ಟು ನಿರಾಧಾರವಾದುದಲ್ಲ. ಆದರೆ ಕಂತು ಎಷ್ಟೆಂಬ ಗದ್ದಲದಲ್ಲಿ, ಅದನ್ನು ಯಾವುದರ ಮೇಲೆ ಅಳೆಯಲಾಗುತ್ತಿದೆ ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಮಲೆನಾಡಿನವರು ಮುಖ್ಯವಾಗಿ ಕೇಳಬೇಕಾದದ್ದು ಅದನ್ನೇ ಎಂಬುದು ನಮ್ಮ ಅಭಿಪ್ರಾಯ.

ಹಿಂದಿನ ಎರಡು ಪ್ರಸಂಗಗಳನ್ನು ನೆನೆಯೋಣ. 2017ರ ಮಾರ್ಚ್ 30ರಿಂದ ದಕ್ಷಿಣದ ರಾಜ್ಯಗಳಲ್ಲಿ ಲಾರಿಗಳು ರಸ್ತೆಯ ಬದಿಗೆ ನಿಂತವು. ಥರ್ಡ್ ಪಾರ್ಟಿ ವಿಮೆಯ ಕಂತನ್ನು ಶೇಕಡಾ 50ರವರೆಗೆ ಏರಿಸಲು ವಿಮಾ ನಿಯಂತ್ರಣ ಪ್ರಾಧಿಕಾರ ಹೊರಟಿದ್ದುದು ಆ ಮುಷ್ಕರಕ್ಕೆ ಮುಖ್ಯ ಕಾರಣ. ವಾರಕ್ಕೂ ಮಿಕ್ಕಿ ಸರಕು ಸಾಗಲಿಲ್ಲ. ಕೊನೆಗೆ ಮಾತುಕತೆ ನಡೆದು ಏರಿಕೆಯನ್ನು ತಗ್ಗಿಸಲಾಯಿತು. ಸಂಘಟಿತರ ಸಿಟ್ಟಿಗೆ ಫಲ ಸಿಕ್ಕಿತು.

ಮರುವರ್ಷದ ಪ್ರಸಂಗ ಇದಕ್ಕಿಂತ ಭಿನ್ನವಾದುದು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶದಂತೆ, ಸೆಪ್ಟೆಂಬರ್ 1ರಿಂದ ಹೊಸ ಕಾರು ಕೊಳ್ಳುವವರು ಮೂರು ವರ್ಷದ, ಹೊಸ ದ್ವಿಚಕ್ರ ವಾಹನ ಕೊಳ್ಳುವವರು ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಕಟ್ಟಬೇಕಾಯಿತು. 75ರಿಂದ 150 ಸಿ.ಸಿ.ವರೆಗಿನ ಬೈಕಿಗೆ ಅದುವರೆಗೆ ವರ್ಷಕ್ಕೆ 720 ರೂಪಾಯಿ ಇದ್ದದ್ದು, ಐದು ವರ್ಷಕ್ಕೆ ಒಟ್ಟಾಗಿ 3,285 ರೂಪಾಯಿ ಆಯಿತು. ಭಾಗಿಸಿ ನೋಡಿದರೆ ವರ್ಷಕ್ಕೆ 657 ರೂಪಾಯಿ. ಅಂದರೆ ಮೊದಲಿಗಿಂತ ಕಡಿಮೆಯೇ. ಆದರೂ ಬೈಕು ಕೊಳ್ಳಲು ಹೋದವರಿಗೆ ಅದು ದರ ಏರಿಕೆಯಾಗಿಯೇ ಕಂಡಿತು. ಕೊನೆಕೊಯ್ಲಿನ ಕೂಲಿಯಲ್ಲಿ ಉಳಿಸಿದ ದುಡ್ಡನ್ನು ಮುಂಗಡ ಕಟ್ಟಿ ಸಾಲದ ಮೇಲೆ ಗಾಡಿ ತರುವವನಿಗೆ ಐದು ವರ್ಷದ ಸರಾಸರಿ ಲೆಕ್ಕದಿಂದ ಏನಾಗಬೇಕು? ಆ ದಿನ ಕೈಬಿಟ್ಟ ಹಣವೇ ಅವನ ಲೆಕ್ಕ. ಆದರೆ ಬೈಕು ಕೊಳ್ಳುವವರಿಗೆ ಸಂಘವಿಲ್ಲ. ಆದ್ದರಿಂದ ಅವರ ಸಿಟ್ಟು ಷೋರೂಮಿನ ಮೇಜಿನ ಮುಂದೆಯೇ ಕರಗಿತು.

ಮೂರನೆಯ ಬಗೆಯ ಪ್ರತಿಕ್ರಿಯೆಯೊಂದಿದೆ. ಅದಕ್ಕೆ ಘೋಷಣೆಯಿಲ್ಲ, ಮೆರವಣಿಗೆಯಿಲ್ಲ. ಅವಧಿ ಮುಗಿದ ಪಾಲಿಸಿಯನ್ನು ನವೀಕರಿಸದೆ ಸುಮ್ಮನಿದ್ದುಬಿಡುವುದು. ನಮ್ಮ ದೇಶದ ರಸ್ತೆಗಳಲ್ಲಿ ಓಡುವ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿಮೆಯಿಲ್ಲವೆಂಬುದು ಸಂಸತ್ತಿನ ಸಮಿತಿಯೂ ಎತ್ತಿ ಹೇಳಿದ ಸಂಗತಿ. 2019ರ ತಿದ್ದುಪಡಿಯು ಇದಕ್ಕೆ ಮೊದಲ ಸಲ 2,000, ಮತ್ತೆ ಸಿಕ್ಕಿದರೆ 4,000 ರೂಪಾಯಿ ದಂಡ ವಿಧಿಸಿದೆ, ಸೆರೆವಾಸಕ್ಕೂ ಅವಕಾಶವಿದೆ. ಆದರೆ ಪೊಲೀಸರು ತಪಾಸಣೆಗೆ ನಿಲ್ಲುವ ಪೇಟೆಯ ವೃತ್ತಕ್ಕೂ ನಮ್ಮ ಕೇರಿಗೂ ನಡುವೆ ಎಷ್ಟು ತಿರುವುಗಳಿವೆಯೆಂಬುದು ಎಲ್ಲರಿಗೂ ಗೊತ್ತು.

ಇಲ್ಲಿ ಓದುಗರು ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಯಬೇಕು. ಥರ್ಡ್ ಪಾರ್ಟಿ ವಿಮೆ ಗಾಡಿಯ ಮಾಲೀಕನ ರಕ್ಷಣೆಗೆಂದು ಮಾತ್ರ ಇರುವುದಲ್ಲ. ಮಾಲೀಕ ಒಬ್ಬ, ಕಂಪನಿ ಎರಡನೆಯದು, ಗಾಡಿ ಗುದ್ದಿದಾಗ ರಸ್ತೆಯಲ್ಲಿ ಬಿದ್ದವನು ಮೂರನೆಯವನು. ಆತನ ಮನೆಯವರಿಗೆ ನ್ಯಾಯಮಂಡಳಿ ಗೊತ್ತುಮಾಡುವ ಪರಿಹಾರ ಕೈಗೆ ಬರಬೇಕಾದರೆ ಈ ವಿಮೆ ಜೀವಂತವಿರಬೇಕು. ಇಲ್ಲವಾದರೆ ಮಾಲೀಕನ ತೋಟ ಹರಾಜಾಗಬೇಕು. ತೋಟವೂ ಇಲ್ಲದವನಾದರೆ ತೀರ್ಪಿನ ಪ್ರತಿಯೊಂದೇ ಪರಿಹಾರ. ವಿಮೆಯಿದ್ದರೂ ಎಲ್ಲರಿಗೂ ರಕ್ಷಣೆಯಿದೆಯೆಂದು ತಿಳಿಯಬಾರದು. ಸರಕು ಸಾಗಿಸುವ ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ಪಿಕಪ್ಪಿನ ಹಿಂಭಾಗದಲ್ಲಿ ನಿಂತು ಮದುವೆಗೆ, ಜಾತ್ರೆಗೆ ಹೋಗುವ ನಮ್ಮವರು ಇದನ್ನು ಬಲ್ಲರೇ? (ಇನ್ನು, ಗಾಡಿಗೆ ಸಿಕ್ಕಿ ಸತ್ತ ಹಸು ಕಾನೂನಿನ ಕಣ್ಣಿನಲ್ಲಿ ಮೂರನೆಯವರ ಆಸ್ತಿ, ಅದಕ್ಕೆ ಪರಿಹಾರ ಕೇಳಬಹುದು. ಅದೇ ತಿರುವಿನಲ್ಲಿ ಸತ್ತ ಕಡವೆಯ ಪರವಾಗಿ ಅರ್ಜಿ ಹಾಕುವವರು ಯಾರೂ ಇಲ್ಲ.)

ಆದ್ದರಿಂದ ಕಂತು ಏರಿದಾಗ ವಿಮೆಯನ್ನೇ ಬಿಡುವುದು ನೆರೆಯವನ ತಲೆಯ ಮೇಲೆ ಕಲ್ಲು ಹಾಕಿದಂತೆ. ದರವನ್ನು ಬರಿದೇ ಇಳಿಸಿರೆಂದು ಕೂಗುವುದೂ ದೂರ ಸಾಗದು. ನ್ಯಾಯಾಲಯಗಳು ಸತ್ತವರ ಮುಂದಿನ ಗಳಿಕೆಯನ್ನೂ ಎಣಿಸಿ ಪರಿಹಾರ ಹೆಚ್ಚಿಸುತ್ತಿವೆ, ಅದು ಸರಿಯಾದದ್ದೇ. ಆ ಹಣ ಎಲ್ಲಿಂದಲಾದರೂ ಬರಬೇಕು. ಹಾಗಿದ್ದರೆ ಯಾರಿಂದ ಎಷ್ಟು ಬರಬೇಕು?

ಸದ್ಯದ ಕ್ರಮ ಹೀಗಿದೆ: ಖಾಸಗಿ ಕಾರಿಗೆ ಎಂಜಿನ್ನಿನ ಸಿ.ಸಿ. ನೋಡಿ, ಲಾರಿಗೆ ಒಟ್ಟು ತೂಕ ನೋಡಿ ಥರ್ಡ್ ಪಾರ್ಟಿ ಕಂತನ್ನು ನಿಗದಿ ಮಾಡಲಾಗುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1,000ದಿಂದ 1,500 ಸಿ.ಸಿ.ವರೆಗಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ವಾರಕ್ಕೊಮ್ಮೆ ಪೇಟೆಗೆ, ವರ್ಷದಲ್ಲಿ ನಾಲ್ಕಾರು ಬಾರಿ ಆಸ್ಪತ್ರೆಗೆ ಹೋಗಿಬರುವ ಹಳ್ಳಿಯ ಕಾರು 3,000 ಕಿ.ಮೀ. ಓಡಿತೆನ್ನೋಣ. ಅದರ ಮಾಲೀಕ ಕಿ.ಮೀ.ಗೆ 1 ರೂಪಾಯಿ 14 ಪೈಸೆಯಂತೆ ವಿಮೆ ಕಟ್ಟಿದಂತಾಯಿತು. ಅದೇ ಎಂಜಿನ್ನಿನ ಕಾರಿನಲ್ಲಿ ಪ್ರತಿ ಶನಿವಾರ ನಗರದಿಂದ ನಮ್ಮ ಗುಡ್ಡಗಳ ಹೋಂಸ್ಟೇಗೆ ಬಂದು, ವರ್ಷಕ್ಕೆ 20,000 ಕಿ.ಮೀ. ಓಡಿಸುವವನಿಗೆ ಬೀಳುವುದು 17 ಪೈಸೆ. ಗಾಡಿ ರಸ್ತೆಯಲ್ಲಿದ್ದಷ್ಟೂ ಅಪಘಾತದ ಸಂಭವ ಹೆಚ್ಚೆಂಬುದಕ್ಕೆ ಗಣಿತಜ್ಞರು ಬೇಕಿಲ್ಲ. ಕಡಿಮೆ ಓಡಿಸುವವರು ಹೆಚ್ಚು ಓಡಿಸುವವರ ಕಂತನ್ನು ಹೊರುತ್ತಿದ್ದಾರೆ.

ಪರಿಸರದ ಮಾತು ಇಲ್ಲಿಂದಲೇ ಹುಟ್ಟುವುದು. ವರ್ಷದ ಕಂತನ್ನು ಒಮ್ಮೆ ಕಟ್ಟಿದ ಮೇಲೆ ಮುಂದಿನ ಪ್ರತಿ ಕಿ.ಮೀ.ಗೂ ವಿಮೆಯ ಮಟ್ಟಿಗೆ ಖರ್ಚಿಲ್ಲ. ಓಡಿಸಿದಷ್ಟೂ ಅಗ್ಗ. ಹೀಗೆ ಅಗ್ಗವಾದ ಓಡಾಟಕ್ಕಾಗಿ ರಸ್ತೆ ಅಗಲವಾಗುತ್ತದೆ, ಅಗಲವಾಗುವ ರಸ್ತೆಗೆ ಮರ ಉರುಳುತ್ತದೆ, ಕಡಿದ ಗುಡ್ಡ ಮಳೆಗಾಲದಲ್ಲಿ ಜರಿಯುತ್ತದೆ. ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1968ರಷ್ಟು ಹಿಂದೆಯೇ ಅಮೆರಿಕದಲ್ಲಿ ಈ ದೋಷವನ್ನು ಎತ್ತಿ ತೋರಿಸಿದ್ದರು. ಅಲ್ಲಿನ ಬ್ರೂಕಿಂಗ್ಸ್ ಸಂಸ್ಥೆಯ 2008ರ ಅಧ್ಯಯನವೊಂದು, ಎಲ್ಲರೂ ಓಡಿದ ದೂರಕ್ಕೆ ತಕ್ಕಂತೆ ವಿಮೆ ಕಟ್ಟುವಂತಾದರೆ ವಾಹನಗಳ ಓಡಾಟ ಸುಮಾರು ಶೇಕಡಾ 8ರಷ್ಟು ಇಳಿಯುವುದೆಂದು ಅಂದಾಜಿಸಿತು. ಹೆಚ್ಚಿನ ಕುಟುಂಬಗಳ ಕಂತೂ ಇಳಿಯುವುದೆಂದು ಅದು ಲೆಕ್ಕ ಹಾಕಿತ್ತು.

ಚಾಲಕರ ಸಿಟ್ಟು ಇಂಥ ದಾರಿ ಹಿಡಿಯಬಲ್ಲುದೇ? ಕ್ಯಾಲಿಫೋರ್ನಿಯಾದಲ್ಲಿ ಒಮ್ಮೆ ಹಿಡಿದಿತ್ತು. ಕಾರು ವಿಮೆಯ ದರದಿಂದ ರೋಸಿಹೋದ ಅಲ್ಲಿನ ಮತದಾರರು 1988ರ ನವೆಂಬರ್‌ನಲ್ಲಿ ‘ಪ್ರಸ್ತಾವ 103’ ಎಂಬುದನ್ನು ಗೆಲ್ಲಿಸಿದರು. ಅದನ್ನು ಸೋಲಿಸಲು ವಿಮಾ ಕಂಪನಿಗಳು ಕೋಟ್ಯಂತರ ಡಾಲರ್ ಸುರಿದಿದ್ದವು. ದರವನ್ನು ಶೇಕಡಾ 20ರಷ್ಟು ಇಳಿಸಬೇಕೆಂದು ಕೇಳಿದ್ದರ ಜತೆಗೆ ಅವರು ಇನ್ನೊಂದು ಮಾತನ್ನೂ ಕಾನೂನಿನಲ್ಲಿ ಬರೆಸಿದರು: ಚಾಲಕ ಎಷ್ಟು ಜಾಗ್ರತೆಯಿಂದ ಓಡಿಸಿದ್ದಾನೆ, ವರ್ಷಕ್ಕೆ ಎಷ್ಟು ಮೈಲಿ ಓಡಿಸುತ್ತಾನೆ, ಎಷ್ಟು ವರ್ಷದ ಅನುಭವವಿದೆ ಎಂಬ ಮೂರೇ ಕಂತನ್ನು ನಿರ್ಧರಿಸುವಲ್ಲಿ ಮುಖ್ಯವಾಗಬೇಕು, ಆತ ವಾಸಿಸುವ ಬಡಾವಣೆ ಹಿಂದೆ ಸರಿಯಬೇಕು. ಇದು ಪೂರ್ತಿಯಾಗಿ ಜಾರಿಗೆ ಬರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತೆಂಬುದನ್ನೂ ಹೇಳಬೇಕು.

ನಮ್ಮಲ್ಲಿಯೂ 2022ರ ಜುಲೈನಲ್ಲಿ ಪ್ರಾಧಿಕಾರವು ಓಡಿದ ದೂರಕ್ಕೆ ತಕ್ಕ ಕಂತಿಗೆ ಬಾಗಿಲು ತೆರೆಯಿತು. ಆದರೆ ಅದು ಸ್ವಂತ ಗಾಡಿಯ ಹಾನಿಗೆ ಮಾಡಿಸುವ ವಿಮೆಗೆ ಮಾತ್ರ, ಅದೂ ಬೇಕಾದವರಿಗೆ ಮಾತ್ರ. ಎಲ್ಲರಿಗೂ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆ ಸಿ.ಸಿ.ಯ ಗೂಟಕ್ಕೇ ಕಟ್ಟಿಬಿದ್ದಿದೆ. ವಿದ್ಯುತ್ ವಾಹನಗಳಿಗೆ ಅದೇ ವರ್ಷದ ದರಪಟ್ಟಿಯಲ್ಲಿ ರಿಯಾಯಿತಿ ಕೊಟ್ಟದ್ದು ಒಳ್ಳೆಯದೇ. ಆದರೆ ಹೊಗೆಯಿಲ್ಲದ ಕಾರೂ ಗುದ್ದುತ್ತದೆ, ಅದಕ್ಕೂ ರಸ್ತೆ ಬೇಕು.

ನಮ್ಮವರಿಂದಲೇ ಬರುವ ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬಸ್ಸು ಬಾರದ ಊರಿನವರು ದೂರ ಓಡಿಸುವುದು ಷೋಕಿಗಲ್ಲ. ತಾಲ್ಲೂಕು ಆಸ್ಪತ್ರೆ 40 ಕಿ.ಮೀ. ಆಚೆಗಿದ್ದರೆ ಅವರ ತಪ್ಪೇನು? ದಿನಕ್ಕೆ ನಾಲ್ಕು ಟ್ರಿಪ್ ಜನರನ್ನು ಸಾಗಿಸುವ ಹಳದಿ ಬೋರ್ಡಿನ ಜೀಪಿಗೆ ಕಿ.ಮೀ. ಲೆಕ್ಕ ಹಾಕಿದರೆ ಅದು ನಿಂತೇಹೋಗುವುದಿಲ್ಲವೇ? ಹೌದು. ಆದುದರಿಂದ ಬಾಡಿಗೆಯ ಪ್ರಯಾಣಿಕ ವಾಹನಗಳನ್ನು ಈ ಲೆಕ್ಕದಿಂದ ಹೊರಗಿಡಬೇಕೆಂದೇ ನಾವು ಹೇಳುತ್ತೇವೆ. ಹತ್ತು ಜನರನ್ನು ಹೊತ್ತ ಜೀಪು ಹತ್ತು ಗಾಡಿಗಳನ್ನು ಮನೆಯಲ್ಲಿ ನಿಲ್ಲಿಸಿರುತ್ತದೆ. ಖಾಸಗಿ ವಾಹನಗಳಿಗೂ ಮೊದಲ ಕೆಲವು ಸಾವಿರ ಕಿ.ಮೀ.ಗೆ ಕಡಿಮೆ ದರ, ಅದಕ್ಕೆ ಮೇಲ್ಪಟ್ಟು ಹೆಚ್ಚು ಎಂಬ ಮೆಟ್ಟಿಲುಗಳಿರಲಿ. ವಿದ್ಯುತ್ ಬಿಲ್ಲಿನಲ್ಲಿ ನಾವು ಬಹುಕಾಲ ಕಂಡ ಕ್ರಮವೇ ಇದು. ಗಾಡಿ ಹೋದಲ್ಲೆಲ್ಲ ಬೆನ್ನುಹತ್ತುವ ಯಂತ್ರವೂ ಬೇಡ. ಯಾರು ಎಲ್ಲಿಗೆ ಹೋದರೆಂಬುದು ಕಂಪನಿಗೆ ಬೇಡದ ವಿಷಯ. ನವೀಕರಣದ ದಿನ ಮೀಟರಿನ ಅಂಕಿ ಬರೆದುಕೊಂಡರೆ ಸಾಕು. ಮೀಟರು ತಿದ್ದುವವರು ಇರುತ್ತಾರೆ, ಎಫ್.ಸಿ.ಗೆ, ಸರ್ವಿಸಿಗೆ ಬಂದಾಗಿನ ಅಂಕಿಗಳನ್ನು ತಾಳೆ ನೋಡಿದರೆ ಅವರಲ್ಲಿ ಬಹುಮಂದಿ ಸಿಕ್ಕಿಬೀಳುತ್ತಾರೆ.

ಕೇಂದ್ರದ ಸಾರಿಗೆ ಸಚಿವಾಲಯವು ಹೊಸ ದರಪಟ್ಟಿಯ ಕರಡನ್ನು ಪ್ರಕಟಿಸಿದಾಗ ಸಾರ್ವಜನಿಕರು ಆಕ್ಷೇಪಣೆ ಬರೆಯಬಹುದು. 2022ರಲ್ಲಿ ಹೀಗೆಯೇ ನಡೆಯಿತು. ಮುಂದಿನ ಕರಡಿಗೆ ನಮ್ಮ ಬಳಗದಿಂದ ಹೋಗುವ ಪತ್ರದಲ್ಲಿ ಬರಿಯ ಮಾತಿರದೆ ಅಂಕಿಗಳೂ ಇರಬೇಕೆಂಬುದು ನಮ್ಮ ಆಸೆ. ವಿದ್ಯಾರ್ಥಿ ಮಿತ್ರರು ತಮ್ಮ ಊರಿನ ಹತ್ತು ವಾಹನಗಳ ಮೀಟರಿನ ಅಂಕಿಯನ್ನು ಮಾಲೀಕರ ಒಪ್ಪಿಗೆ ಪಡೆದು ಈ ತಿಂಗಳು ಬರೆದಿಡಲಿ, ಮುಂದಿನ ವರ್ಷ ಇದೇ ತಿಂಗಳು ಮತ್ತೊಮ್ಮೆ ಬರೆಯಲಿ. ಹೆಸರು, ನೋಂದಣಿ ಸಂಖ್ಯೆ ಬೇಡ. ಗಾಡಿಯ ಬಗೆ, ಸಿ.ಸಿ., ಎರಡು ಅಂಕಿ, ಆ ವರ್ಷ ಕಟ್ಟಿದ ಕಂತು, ಇಷ್ಟನ್ನು ಕಳಿಸಿಕೊಟ್ಟರೆ ಸಾಕು.