ಅಭ್ಯಾಸವೇ ಅಪಘಾತವಾಗಬಾರದು

ಸಿಕಂದರಾಬಾದಿನ ಆಚೆ ಹಕೀಂಪೇಟೆಯ ವಾಯುದಳದ ನೆಲೆಯಲ್ಲಿ ಹೆಲಿಕಾಪ್ಟರ್ ಚಾಲಕರ ತರಬೇತಿ ಶಾಲೆಯಿದೆ. ಬೊಲಾರಂ, ಅಲ್ವಾಲ್ ಕಡೆಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಅಲ್ಲಿಯ ‘ಚೇತಕ್’ ಯಂತ್ರಗಳ ಸದ್ದು ಅಪರಿಚಿತವಲ್ಲ. ಫ್ರೆಂಚರ ನಮೂನೆಯ ಈ ಯಂತ್ರಗಳನ್ನು ನಿರ್ಮಿಸಿದ್ದು ಬೆಂಗಳೂರಿನ ಹಿಂದುಸ್ಥಾನ್ ಏರೋನಾಟಿಕ್ಸ್ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಅದನ್ನು ನಡೆಸಲು ಬರುವ ತರುಣರು ಕಲಿಯಬೇಕಾದ ಕಠಿಣ ಪಾಠವೊಂದಿದೆ: ಆಕಾಶದಲ್ಲಿ ಎಂಜಿನ್ ನಿಂತುಹೋದರೆ ಇಳಿಯುವುದು ಹೇಗೆ?

ಎಂಜಿನ್ ನಿಂತೊಡನೆ ಹೆಲಿಕಾಪ್ಟರು ಕಲ್ಲಿನಂತೆ ಬೀಳುವುದಿಲ್ಲ. ಚಾಲಕನು ತಡಮಾಡದೆ ರೆಕ್ಕೆಗಳ ಓರೆಯನ್ನು ತಗ್ಗಿಸಿದರೆ, ಕೆಳಗಿನಿಂದ ನುಗ್ಗುವ ಗಾಳಿಯೇ ಅವುಗಳನ್ನು ತಿರುಗಿಸುತ್ತದೆ. ನೆಲ ಸಮೀಪಿಸಿದಾಗ ಮೂತಿಯನ್ನೆತ್ತಿ ವೇಗವನ್ನು ಮುರಿದು, ತಿರುಗುವ ರೆಕ್ಕೆಗಳಲ್ಲಿ ಉಳಿದಿರುವ ಬಲದಿಂದ ಮೆಲ್ಲನೆ ಇಳಿಯಬೇಕು. ಆ ಬಲ ಒಮ್ಮೆಗೆ ಮಾತ್ರ ಸಾಕಾಗುವಂಥದು. ಕ್ಷಣಕಾಲ ಮುಂಚೆ ವ್ಯಯವಾದರೂ, ಕ್ಷಣಕಾಲ ತಡವಾದರೂ ಅನಾಹುತವೇ ಸರಿ.

ಅಭ್ಯಾಸದಲ್ಲಿ ಶಿಕ್ಷಕನು ಎಂಜಿನ್ನಿನ ಶಕ್ತಿಯನ್ನು ಬೇಕೆಂದೇ ತಗ್ಗಿಸುತ್ತಾನೆ. ವಿಪತ್ತು ಕೃತಕ, ನೆಲ ಮಾತ್ರ ನಿಜ. ಆದುದರಿಂದಲೇ ವಿಪತ್ತಿನಿಂದ ಪಾರಾಗುವ ಪಾಠವೇ ವಿಪತ್ತಾಗಿ ಪರಿಣಮಿಸಿದ ಉದಾಹರಣೆಗಳು ಲೋಕದಲ್ಲಿ ವಿರಳವಲ್ಲ. ಅಮೆರಿಕದ ವಿಮಾನಯಾನ ಆಡಳಿತವು ಈ ಒಂದು ಪಾಠಕ್ಕಾಗಿಯೇ ಪ್ರತ್ಯೇಕ ಮಾರ್ಗದರ್ಶಿಯನ್ನು ಹೊರಡಿಸಬೇಕಾಯಿತು.

ಹಾಗಾದರೆ ಪಾಠವನ್ನೇ ಕೈಬಿಡಬೇಕೆ? ಕೂಡದು. ಕಲಿಯದ ಚಾಲಕನು ನಿಜವಾದ ಸಂಕಟದ ದಿನ ತನ್ನೊಡನೆ ಪ್ರಯಾಣಿಕರ ಪ್ರಾಣವನ್ನೂ ಕಳೆಯುವನು. ಕಾದ ಎಣ್ಣೆಯ ಬಾಣಲೆಯ ಮುಂದೆ ಹೊಸ ಹುಡುಗನನ್ನು ನಿಲ್ಲಿಸದೆ ಯಾವ ಹೋಟೆಲೂ ನಡೆಯದು. ಆದರೆ ಬಲ್ಲ ಭಟ್ಟರು ಅವನ ಪಕ್ಕದಿಂದ ಕದಲುವುದಿಲ್ಲ. ಇಲ್ಲಿಯೂ ಅದೇ ನ್ಯಾಯ. ಕೊನೆಯ ಕೆಲವು ನೂರು ಅಡಿಗಳಲ್ಲಿ ವೇಗವಾಗಲಿ, ರೆಕ್ಕೆಗಳ ಸುತ್ತಾಗಲಿ, ಇಳಿಯುವ ಗತಿಯಾಗಲಿ ಅಳತೆ ತಪ್ಪಿದರೆ ಶಿಕ್ಷಕನು ಕೂಡಲೇ ಶಕ್ತಿಯನ್ನು ಮರಳಿಸಿ ಮೇಲೇರತಕ್ಕದ್ದು. ಹಾಗೆ ಮರಳುವುದನ್ನು ಸೋಲೆಂದು ಎಣಿಸಬಾರದು. ತಪ್ಪುಗಳನ್ನು ಮೊದಲು ನೆಲದ ಮೇಲಿನ ಕೃತಕ ಯಂತ್ರದಲ್ಲಿಯೇ ಮಾಡಿ ಮುಗಿಸುವುದು ಲೇಸು.

೨೦೨೩ರ ಡಿಸೆಂಬರ್ ೪ರಂದು ದುಂಡಿಗಲ್ ಅಕಾಡೆಮಿಯ ಪಿಲಾಟಸ್ ತರಬೇತಿ ವಿಮಾನವು ಮೇದಕ್ ಜಿಲ್ಲೆಯ ತೂಪ್ರಾನ್ ಬಳಿ ಉರುಳಿ, ಶಿಕ್ಷಕ-ಶಿಷ್ಯರಿಬ್ಬರೂ ಅಸುನೀಗಿದರು. ಅದು ಹೆಲಿಕಾಪ್ಟರಲ್ಲ, ನಿಜ; ಆದರೆ ತರಬೇತಿಯ ಬೆಲೆ ಎಷ್ಟೆಂಬುದನ್ನು ನಮ್ಮ ಬಾಗಿಲಲ್ಲಿಯೇ ತೋರಿಸಿತು. ಇಂತಹ ಪ್ರತಿಯೊಂದು ದುರ್ಘಟನೆಯ ಬಳಿಕವೂ ವಿಚಾರಣೆಯ ಆಜ್ಞೆಯಾಗುತ್ತದೆ. ದೇಶರಕ್ಷಣೆಯ ಗುಟ್ಟುಗಳನ್ನು ಯಾರೂ ಕೇಳುತ್ತಿಲ್ಲ. ಆದರೆ ಏನು ತಪ್ಪಿತು, ಏನನ್ನು ತಿದ್ದಲಾಯಿತು ಎಂಬಷ್ಟನ್ನಾದರೂ ಮಕ್ಕಳನ್ನು ಒಪ್ಪಿಸಿದ ತಾಯಿತಂದೆಗಳಿಗೂ, ಸೈನ್ಯೇತರ ತರಬೇತಿ ಶಾಲೆಗಳಿಗೂ ತಿಳಿಸುವುದು ಸರ್ಕಾರದ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಒಬ್ಬನ ಪ್ರಾಣ ತೆತ್ತು ಕಲಿತ ಪಾಠವು ಕಡತದಲ್ಲಿ ಮಲಗಿದರೆ, ಅದನ್ನೇ ಮತ್ತೊಬ್ಬನು ಮತ್ತೆ ಪ್ರಾಣ ತೆತ್ತು ಕಲಿಯಬೇಕಾಗುತ್ತದೆ.