ಮಂಡಿನೋವಿಗೆ ಕಾರಿನ ಸೀಟು ಎತ್ತರಿಸುವ ಮುನ್ನ

ಮಂಡಿ ಸವೆದ ಹಿರಿಯರಿರುವ ಮನೆಯಲ್ಲಿ ಅವರನ್ನು ಕಾರಿಗೆ ಹತ್ತಿಸುವುದೇ ದೊಡ್ಡ ಕೆಲಸ. ಸೀಟು ತಗ್ಗು. ಕೂರುವಾಗ ಧೊಪ್ಪನೆ ಬೀಳಬೇಕು, ಏಳುವಾಗ ಇಬ್ಬರು ಕೈಹಿಡಿದು ಎಳೆಯಬೇಕು. ಆಗ ಮನೆಯಲ್ಲಿ ಯಾರಿಗಾದರೂ ಹೊಳೆಯುತ್ತದೆ: ಸೀಟಿನ ಕೆಳಗೆ ಮೂರು ಇಂಚಿನ ಬ್ರಾಕೆಟ್ ಕೊಟ್ಟರೆ ಆಯಿತಲ್ಲ? ವೆಲ್ಡಿಂಗ್ ಅಂಗಡಿಯಲ್ಲಿ ಅದು ಒಂದು ಗಂಟೆಯ ಕೆಲಸ.

ರಾವಂದೂರಿನ ಕಡೆಯ ಹೊಗೆಸೊಪ್ಪು ಬೆಳೆಗಾರರೊಬ್ಬರು ಮಂಡಿನೋವಿಗೆಂದು ನನ್ನ ಬಳಿ ಬರುತ್ತಿದ್ದರು. ಒಮ್ಮೆ ಬಂದಾಗ ಹಣೆಯಲ್ಲಿ ಹೊಲಿಗೆ, ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್. ಅಪ್ಪನಿಗೆ ಅನುಕೂಲವಾಗಲೆಂದು ಮಗ ಸೀಟು ಎತ್ತರಿಸಿದ್ದನಂತೆ. ಬೆಟ್ಟದಪುರದ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದಿತೆಂದು ಜೋರಾಗಿ ಬ್ರೇಕ್ ಹಾಕಿದ. ಕಾರು ನಿಂತಿತು, ಸೀಟು ನಿಲ್ಲಲಿಲ್ಲ. ಬ್ಯಾರನ್ನಿನ ಪೈಪು ಮಾಡಿ ಉಳಿದಿದ್ದ ತಗಡನ್ನು ಮಡಿಚಿ ಆ ಬ್ರಾಕೆಟ್ ಮಾಡಿದ್ದರು. "ಕೈಯಲ್ಲಿ ಬಗ್ಗಿಸೋಕೆ ಆಗ್ತಿರಲಿಲ್ಲ ಸಾರ್" ಎಂದು ಹುಡುಗ ತಲೆ ತಗ್ಗಿಸಿದ. ಬ್ಯಾರನ್ನಿನಲ್ಲಿ ಆ ತಗಡು ಬಿಸಿ ಹೊಗೆಯನ್ನು ಸಾಗಿಸಿದರೆ ಸಾಕು. ಇಲ್ಲಿ ಅದು ಅಪ್ಪನನ್ನು ಹೊರಬೇಕಿತ್ತು.

ಕೈಯಲ್ಲಿ ಬಗ್ಗುವುದಿಲ್ಲ ಎಂಬುದು ಪರೀಕ್ಷೆಯೇ ಅಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಮರಕ್ಕೆ ಗುದ್ದಿ ಅರ್ಧ ಮೀಟರಿನೊಳಗೆ ನಿಂತಿತೆನ್ನಿ. ಆ ಕ್ಷಣದಲ್ಲಿ ಒಳಗಿನ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುನ್ನುಗ್ಗುತ್ತದೆ. 70 ಕಿಲೋ ತೂಕದ ಅಪ್ಪ 1,400 ಕಿಲೋ ಆಗುತ್ತಾರೆ. ಬಹುತೇಕ ಕಾರುಗಳಲ್ಲಿ ಸೀಟ್ ಬೆಲ್ಟಿನ ಬಕಲ್ ಸೀಟಿಗೇ ಜೋಡಿಸಿರುತ್ತದೆ. ಹಾಗಾಗಿ ಈ ಭಾರದ ದೊಡ್ಡ ಪಾಲು ಬಕಲ್ ಮೂಲಕ ನಿಮ್ಮ ಬ್ರಾಕೆಟ್ಟಿಗೇ ಬರುತ್ತದೆ. ಸೀಟು ಎತ್ತರವಾದಷ್ಟೂ ಬ್ರಾಕೆಟ್ಟಿನ ಬುಡವನ್ನು ಮೀಟುವ ಬಲವೂ ಹೆಚ್ಚು. ಹಾರೆಯ ತುದಿ ಹಿಡಿದರೆ ಕಲ್ಲು ಸುಲಭವಾಗಿ ಏಳುವುದಿಲ್ಲವೇ, ಹಾಗೆ.

ನನ್ನನ್ನು ಕೇಳಿದರೆ ಈ ಕೆಲಸವೇ ಬೇಡ. ವಾಹನದ ಮೂಲ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಪ್ಪುವುದಿಲ್ಲ. ಆದರೆ ಬೇಡವೆಂದರೂ ಮಾಡಿಸುವವರು ಮಾಡಿಸುತ್ತಾರೆ. ಈಗಾಗಲೇ ಮಾಡಿಸಿಕೊಂಡು ಓಡಾಡುತ್ತಿರುವವರೂ ಇದ್ದಾರೆ. ಆದ್ದರಿಂದ ಲೋಹದ ವಿಷಯ ಹೇಳಿಬಿಡುತ್ತೇನೆ.

ಇಂಥ ಕೆಲಸಕ್ಕೆ ಬೇಕಾದ ಗುಣ ಬರೀ ಗಡಸುತನವಲ್ಲ. ಭಾರ ಮಿತಿಮೀರಿದಾಗ ಬಗ್ಗಬೇಕು, ಫಟ್ಟನೆ ಮುರಿಯಬಾರದು. ಅಂಗಡಿಯವರು 'ಎಂ.ಎಸ್.' ಎನ್ನುವ ಸಾಮಾನ್ಯ ಮೆದು ಉಕ್ಕಿನ ಪಟ್ಟಿಗೆ ಈ ಗುಣ ಇದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಅದಕ್ಕಿಂತ ಬಲವಾದದ್ದೆಂದು ಹಲವರು ಆರಿಸುತ್ತಾರೆ. ಅದು ಬಲವಾದದ್ದು ನಿಜ, ಆದರೆ ವೆಲ್ಡಿಂಗ್ ಬಿಸಿ ತಗುಲಿದ ಕಡೆ ಗಾಜಿನಂತೆ ಪೆಡಸಾಗಿ ಬಿರುಕು ಬಿಡುತ್ತದೆ. ಬೀಡು ಕಬ್ಬಿಣವಂತೂ ಬೇಡವೇ ಬೇಡ. ಅಲ್ಯೂಮಿನಿಯಂ ಬೆಸುಗೆಯ ಬಳಿ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಹಳ್ಳದ ರಸ್ತೆಯಲ್ಲಿ ಸದಾ ಅಲುಗಿ ಅಲುಗಿ ದಣಿಯುತ್ತದೆ ಕೂಡ. ಮರದ ತುಂಡು, ಪ್ಲೈವುಡ್ ಇಟ್ಟವರನ್ನೂ ನೋಡಿದ್ದೇನೆ. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಿ.ಐ. ಪೈಪು ಕಣ್ಣಿಗೆ ಚೆಂದ. ಆದರೆ ಅದನ್ನು ಬೆಸೆಯುವಾಗ ಏಳುವ ಸತುವಿನ ಹೊಗೆ ಕುಡಿದವರಿಗೆ ಅದೇ ಸಂಜೆ ಚಳಿ ಜ್ವರ ಬರಬಹುದು. ವೆಲ್ಡರ್ ಹುಡುಗರು ಇದನ್ನು ಮಲೇರಿಯಾ ಎಂದುಕೊಂಡು ನನ್ನ ಬಳಿ ಬಂದದ್ದುಂಟು.

ದಪ್ಪ ಎಷ್ಟಿರಬೇಕು? ರ್‍ಯಾಲಿ ಕಾರುಗಳಿಗೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್.ಐ.ಎ. ಹಾಕಿರುವ ನಿಯಮ ಇಲ್ಲಿ ಒಳ್ಳೆಯ ಅಳತೆಗೋಲು. ಸೀಟಿನ ಆಧಾರಪಟ್ಟಿ ಉಕ್ಕಿನದಾದರೆ ಕನಿಷ್ಠ 3 ಮಿಲಿಮೀಟರ್, ಹಗುರ ಲೋಹದ್ದಾದರೆ 5. ಒಂದು ಸೀಟಿಗೆ ಕನಿಷ್ಠ ನಾಲ್ಕು ಜೋಡಣೆ, ಬೋಲ್ಟುಗಳು 8 ಮಿಲಿಮೀಟರಿಗಿಂತ ಸಣ್ಣದಿರಬಾರದು. ನೆಲದಡಿಯಿಂದ ಒತ್ತುಕೊಡುವ ತಟ್ಟೆಯೂ ಅದೇ ದಪ್ಪದ್ದು, ಪ್ರತಿ ಜೋಡಣೆಯಲ್ಲೂ 40 ಚದರ ಸೆಂಟಿಮೀಟರ್ ಹರಡಿರಬೇಕು.

ನಮ್ಮವರು ಮರೆಯುವುದು ಈ ತಟ್ಟೆಯನ್ನೇ. ಕಾರಿನ ನೆಲ ಬರೀ ತೆಳು ತಗಡು. ಬ್ರಾಕೆಟ್ ಎಷ್ಟೇ ಗಟ್ಟಿಯಿರಲಿ, ತಗಡಿಗೆ ಹೊಸ ತೂತು ಕೊರೆದು ಸಣ್ಣ ವಾಷರ್ ಹಾಕಿ ಬಿಗಿದರೆ ಬೋಲ್ಟು ತಗಡನ್ನೇ ಹರಿದುಕೊಂಡು ಮೇಲೆ ಬರುತ್ತದೆ. ಕಂಪನಿ ಕೊಟ್ಟ ಮೂಲ ತೂತುಗಳನ್ನು ಬಿಟ್ಟು ಬೇರೆಡೆ ಕೈಹಾಕಬೇಡಿ. ಬೋಲ್ಟಿನ ತಲೆಯ ಮೇಲೆ 8.8 ಎಂದು ಅಚ್ಚಾಗಿರಲಿ, 4.6 ಎಂದಿರುವ ಸಾದಾ ಬೋಲ್ಟು ಅದರ ಅರ್ಧದಷ್ಟೇ ಎಳೆತ ತಾಳುತ್ತದೆ. ಬಿಚ್ಚಿಹೋಗದಿರಲೆಂದು ಬೋಲ್ಟನ್ನು ವೆಲ್ಡ್ ಮಾಡಿಸಿದರೆ ಅದಕ್ಕೆ ಕೊಟ್ಟಿದ್ದ ಹದವೇ ಹೋಗುತ್ತದೆ.

ಇಷ್ಟೆಲ್ಲ ಸರಿಯಾದರೂ ವೈದ್ಯನಾಗಿ ನನಗೊಂದು ಅಳುಕು ಉಳಿಯುತ್ತದೆ. ಸೀಟು ಎತ್ತರಿಸಿದಾಗ ಮನುಷ್ಯ ಮೇಲೇರುತ್ತಾನೆ, ಭುಜದ ಬೆಲ್ಟು ಮಾತ್ರ ಇದ್ದಲ್ಲೇ ಇರುತ್ತದೆ. ಬೆಲ್ಟು ಹೊರಡುವ ಜಾಗ ಭುಜಕ್ಕಿಂತ ಕೆಳಗಾದರೆ, ಗುದ್ದಿದಾಗ ಅದು ಭುಜವನ್ನು ಕೆಳಕ್ಕೆ ಜಗ್ಗಿ ಬೆನ್ನುಮೂಳೆಯನ್ನು ಅದುಮುತ್ತದೆ. ಮೂಳೆ ಟೊಳ್ಳಾದ ವಯಸ್ಸಿನಲ್ಲಿ ಅದು ಸಣ್ಣ ಮಾತಲ್ಲ. ತಲೆಯೂ ಚಾವಣಿಗೆ ಹತ್ತಿರವಾಗಿರುತ್ತದೆ. ಮೆತ್ತನೆಯ ದಿಂಬು ಹಾಕುವುದೂ ಪರಿಹಾರವಲ್ಲ, ದಿಂಬು ಕುಗ್ಗಿ ಮೈ ಬೆಲ್ಟಿನಡಿ ಜಾರುತ್ತದೆ, ಬೆಲ್ಟು ಹೊಟ್ಟೆಗೆ ಒತ್ತುತ್ತದೆ.

ಹಾಗಾದರೆ ಮಂಡಿಯ ಗತಿ? ಮೊದಲು ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ. ಹಿರಿಯರು ಸೀಟಿಗೆ ಬೆನ್ನು ಮಾಡಿ ಮೊದಲು ಕುಳಿತುಕೊಳ್ಳಲಿ, ಆಮೇಲೆ ಎರಡೂ ಕಾಲುಗಳನ್ನು ಜೊತೆಯಾಗಿ ಒಳಗೆ ತಿರುಗಿಸಿಕೊಳ್ಳಲಿ. ಇಳಿಯುವಾಗ ಇದೇ ಕ್ರಮ ಹಿಂದುಮುಂದಾಗಿ. ಕಾರು ನಿಲ್ಲಿಸುವಾಗ ಅವರು ಕಾಲೂರುವ ಕಡೆಯ ನೆಲ ಸ್ವಲ್ಪ ತಗ್ಗಾಗಿರುವಂತೆ ನೋಡಿಕೊಳ್ಳಿ. ಬ್ರಾಕೆಟ್ಟಿಲ್ಲದೆಯೇ ಸೀಟು ಒಂದೆರಡು ಇಂಚು ಎತ್ತರವಾಗುತ್ತದೆ.

ಆ ಹುಡುಗ ಬ್ರಾಕೆಟ್ ತೆಗೆಸಿ ಸೀಟನ್ನು ಮೂಲ ಬೋಲ್ಟುಗಳಿಗೇ ಕೂರಿಸಿದ್ದಾನೆ. ಈಗ ಮನೆಯ ಮುಂದೆ ಅಪ್ಪನ ಬಾಗಿಲು ತಗ್ಗಿನ ಕಡೆಗೆ ಬರುವಂತೆ ಕಾರು ನಿಲ್ಲಿಸುತ್ತಾನೆ. ಮಳೆ ಬಂದ ದಿನ ಅಲ್ಲಿ ನೀರು ನಿಲ್ಲುತ್ತದೆಂಬುದು ಹಿರಿಯರ ಹೊಸ ದೂರು.