ಒಂದು ಕಡಜ, ಹದಿನೈದು ನಿಮಿಷ

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು. ಆರನೆಯದು ಶುರುವಾಗಲು ಇನ್ನೂ ಎರಡು ವಾರ ಇತ್ತು. ಗೆಳೆಯರೆಲ್ಲ ಗೋಕರ್ಣಕ್ಕೆ ಹೊರಟರು. ನಾನು ಅಪ್ಪನ ಜೊತೆ ಜೆ.ಪಿ. ನಗರ ಏಳನೇ ಹಂತದ ಒಂದು ಅಪಾರ್ಟ್‌ಮೆಂಟಿಗೆ ಬಣ್ಣ ಹೊಡೆಯಲು ಹೊರಟೆ.

ಅಪ್ಪ ಇಪ್ಪತ್ತೈದು ವರ್ಷದಿಂದ ಪೇಂಟರ್. ಜಯನಗರ, ಬನಶಂಕರಿ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕೈ ತೋರಿಸಿ ‘ಇದು ನಂದು, ಅದೂ ನಂದೇ’ ಅನ್ನುತ್ತಾರೆ. ಅವರು ಬಣ್ಣ ಹೊಡೆದ ಕಟ್ಟಡಗಳು ಅವು. ನಾವಿರುವುದು ಕದಿರೇನಹಳ್ಳಿಯ ಬಾಡಿಗೆ ಮನೆಯಲ್ಲಿ. ರಜೆಯಲ್ಲಿ ನಾನು ಉಪ್ಪುಕಾಗದ ಹಿಡಿದು ಗೋಡೆ ಉಜ್ಜಿದರೆ ಮುಂದಿನ ಸೆಮಿಸ್ಟರ್‌ನ ಪುಸ್ತಕ, ಬಸ್ ಪಾಸಿನ ಖರ್ಚು ಹುಟ್ಟುತ್ತದೆ.

ಯುಗಾದಿಗೆ ಮೊದಲು ಬಣ್ಣ ಮುಗಿಯಬೇಕು ಅಂತ ಅಲ್ಲಿನ ಸಂಘದವರು ಪಟ್ಟು ಹಿಡಿದಿದ್ದರು. ಮೂರನೇ ದಿನ ಬೆಳಿಗ್ಗೆ ಅಪ್ಪ ಎರಡನೇ ಮಹಡಿಯ ಸಾರ್ವೆ ಮೇಲೆ ನಿಂತು ಸಜ್ಜೆಯ ಅಡಿಭಾಗದ ಹಳೇ ಬಣ್ಣ ಕೆರೆಯುತ್ತಿದ್ದರು. ಮೂಲೆಯಲ್ಲಿ ಅಂಗೈ ಅಗಲದ ಕಡಜದ ಗೂಡಿತ್ತು. ನೋಡಿರಲಿಲ್ಲ. ಸ್ಕ್ರೇಪರ್ ತಗುಲಿತು. ಒಂದೇ ಒಂದು ಕಡಜ ಕಿವಿಯ ಕೆಳಗೆ ಕುಟುಕಿತು. ಅಪ್ಪ ‘ಥೂ’ ಅಂದು ಕೈಯಲ್ಲಿ ಒರೆಸಿಕೊಂಡು ಮತ್ತೆ ಕೆರೆಯತೊಡಗಿದರು. ಪೇಂಟರ್‌ಗಳಿಗೆ ಇದು ಹೊಸದೇನಲ್ಲ. ನೂರು ಸಲ ಕಚ್ಚಿಸಿಕೊಂಡವರು ಅವರು.

ಐದು ನಿಮಿಷ ಆಗಿರಬಹುದು. ‘ಅಂಗೈ ಯಾಕೋ ಕೆರೀತಿದೆ ಕಣೋ’ ಅಂತ ತಾವೇ ಕೆಳಗಿಳಿದು ಬಂದರು. ಕುತ್ತಿಗೆ, ಎದೆಯ ಮೇಲೆಲ್ಲ ಕೆಂಪು ದದ್ದು. ಮೇಸ್ತ್ರಿ ಬಂದು ‘ಸುಣ್ಣ ಹಚ್ಚು, ಹೋಗುತ್ತೆ’ ಅಂದರು. ವಾಚ್‌ಮನ್ ಈರುಳ್ಳಿ ತಂದರು. ಸಂಘದ ಆಫೀಸಿನಿಂದ ಒಂದು ಸಿಟ್ರಿಜಿನ್ ಮಾತ್ರೆ ಬಂತು. ನುಂಗಿದ ಅಪ್ಪ ‘ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ’ ಅಂದರು. ಆ ದನಿ ನನ್ನ ಅಪ್ಪನದಾಗಿರಲಿಲ್ಲ. ಒಡೆದ ಕೊಳಲಿನಿಂದ ಬಂದ ಹಾಗಿತ್ತು. ತುಟಿ ಊದಿತ್ತು. ಎಬ್ಬಿಸಿ ಗೇಟಿನವರೆಗೆ ನಡೆಸಿಕೊಂಡು ಹೋಗುವಷ್ಟರಲ್ಲಿ ವಾಂತಿ ಮಾಡಿಕೊಂಡು ಕುಸಿದರು.

ಜಯನಗರದ ಜನರಲ್ ಆಸ್ಪತ್ರೆಗೆ ಅಂತ ಆಟೊ ಹತ್ತಿದೆವು. ಬೆಳಗಿನ ಹೊತ್ತಿನ ಸಾರಕ್ಕಿ ಸಿಗ್ನಲ್ ಗೊತ್ತಲ್ಲ, ಗಾಡಿಗಳು ಅಲುಗಾಡಲಿಲ್ಲ. ಆಟೊ ಅಣ್ಣ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದವರೇ ‘ಅಷ್ಟು ದೂರ ಆಗಲ್ಲ’ ಅಂತ ಅಡ್ಡರಸ್ತೆಗೆ ತಿರುಗಿಸಿ ಒಂದು ಸಣ್ಣ ನರ್ಸಿಂಗ್ ಹೋಮ್ ಮುಂದೆ ನಿಲ್ಲಿಸಿದರು. ಅಲ್ಲಿನ ಡಾಕ್ಟರು ಅಪ್ಪನನ್ನು ಒಂದು ಸಲ ನೋಡಿದರು, ತೊಡೆಯ ಹೊರಭಾಗಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಹತ್ತು ನಿಮಿಷದಲ್ಲಿ ಅಪ್ಪ ಕಣ್ಣು ಬಿಟ್ಟು ‘ಸ್ಕ್ರೇಪರ್ ಅಲ್ಲೇ ಬಿಟ್ಟು ಬಂದೆ’ ಅಂದರು.

ಆ ಇಂಜೆಕ್ಷನ್ನಿನ ಹೆಸರು ಅಡ್ರಿನಾಲಿನ್. ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮದ್ದು. ಒಂದು ಆಂಪೂಲ್‌ನ ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ.

ಅಪ್ಪನಿಗೆ ಆದದ್ದರ ಹೆಸರು ಅನಾಫಿಲ್ಯಾಕ್ಸಿಸ್. ವಿಷದ ಪ್ರಮಾಣ ಹೆಚ್ಚಾಗಿ ಆಗುವ ತೊಂದರೆ ಇದಲ್ಲ. ಹೆಜ್ಜೇನಿನ ಹಿಂಡು ಮುತ್ತಿ ನೂರಾರು ಕಡೆ ಕುಟುಕಿದರೆ ಯಾರಿಗಾದರೂ ವಿಷವೇ ಅಪಾಯ ತರುತ್ತದೆ. ಆದರೆ ಅಲರ್ಜಿ ಇರುವವರಿಗೆ ಒಂದೇ ಹುಳು ಸಾಕು. ಕುಟುಕಿದ್ದಕ್ಕೆ ದೇಹವೇ ಹೌಹಾರಿ ರಾಸಾಯನಿಕಗಳನ್ನು ಸುರಿಸುತ್ತದೆ. ರಕ್ತನಾಳಗಳು ಸಡಿಲವಾಗಿ ರಕ್ತದೊತ್ತಡ ಕುಸಿಯುತ್ತದೆ, ಉಸಿರಿನ ದಾರಿ ಊದಿ ಮುಚ್ಚಿಕೊಳ್ಳುತ್ತದೆ.

‘ಇಷ್ಟು ವರ್ಷ ಕಚ್ಚಿದಾಗ ಏನೂ ಆಗಲಿಲ್ಲವಲ್ಲ ಡಾಕ್ಟ್ರೇ’ ಅಂತ ಅಮ್ಮ ಕೇಳಿದರು. ನಮ್ಮೆಲ್ಲರ ತಪ್ಪು ತಿಳಿವಳಿಕೆ ಇರುವುದು ಅಲ್ಲೇ. 1902ರಲ್ಲಿ ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ ಕಡಲಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದರು. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರ ಬಿಟ್ಟು ಸ್ವಲ್ಪವೇ ವಿಷ ಕೊಟ್ಟಾಗ ನಿಮಿಷಗಳಲ್ಲಿ ಸತ್ತಿತು. ಅಭ್ಯಾಸವಾಗಿ ಶಕ್ತಿ ಬರುತ್ತದೆ ಅಂದುಕೊಂಡಿದ್ದರೆ ಉಲ್ಟಾ ಆಗಿತ್ತು. ಈ ಸ್ಥಿತಿಗೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟವರು ಅವರೇ. ರಿಶೆಗೆ 1913ರಲ್ಲಿ ನೊಬೆಲ್ ಬಂತು. ಅಂದರೆ ‘ನನಗೆ ಎಷ್ಟೋ ಸಲ ಕಚ್ಚಿದೆ, ಏನೂ ಆಗಲ್ಲ’ ಅನ್ನುವ ಮಾತು ಧೈರ್ಯದ ಮಾತಾಗಬಹುದು, ಸುರಕ್ಷತೆಯ ಮಾತಲ್ಲ. ಮತ್ತೆ ಮತ್ತೆ ಕಚ್ಚಿಸಿಕೊಳ್ಳುವ ಕೆಲಸದಲ್ಲಿರುವವರೇ ಹೆಚ್ಚು ಎಚ್ಚರ ವಹಿಸಬೇಕು. ಹಿಂದಿನ ವರ್ಷ ಅಪ್ಪನಿಗೆ ಕಡಜ ಕಚ್ಚಿದಾಗ ಕೈ ಮೊಣಕೈವರೆಗೆ ಊದಿತ್ತು. ನಾವು ಅರಿಶಿನ ಹಚ್ಚಿ ಮರೆತಿದ್ದೆವು.

ಸಮಯ ಎಷ್ಟಿರುತ್ತದೆ? ಬ್ರಿಟನ್ನಿನಲ್ಲಿ ಅನಾಫಿಲ್ಯಾಕ್ಸಿಸ್‌ನಿಂದ ಸತ್ತವರ ದಾಖಲೆಗಳನ್ನು ರಿಚರ್ಡ್ ಪಮ್‌ಫ್ರಿ ಎಂಬ ತಜ್ಞರು ಪರಿಶೀಲಿಸಿ 2000ರಲ್ಲಿ ಪ್ರಕಟಿಸಿದರು. ಕೀಟ ಕುಟುಕಿ ಸತ್ತವರಲ್ಲಿ ಉಸಿರು ಅಥವಾ ಹೃದಯ ನಿಲ್ಲಲು ಹಿಡಿದ ಮಧ್ಯಾಂಕ ಸಮಯ 15 ನಿಮಿಷ. ಅಂದರೆ ಸುಮಾರು ಅರ್ಧದಷ್ಟು ಜನರಿಗೆ ಅಷ್ಟು ಹೊತ್ತೂ ಸಿಗಲಿಲ್ಲ. ಬನ್ನೇರುಘಟ್ಟ ರಸ್ತೆಯಲ್ಲೋ ಬಿ.ಟಿ.ಎಂ. ಲೇಔಟಿನಲ್ಲೋ ಹದಿನೈದು ನಿಮಿಷದಲ್ಲಿ ನೀವು ಎಷ್ಟು ದೂರ ಹೋಗಿದ್ದೀರಿ, ನೆನಪಿಸಿಕೊಳ್ಳಿ.

ನಾನು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಒಂದು, ದದ್ದು ಮೈತುಂಬ ಎದ್ದಾಗಲೇ ಹೊರಡಬೇಕಿತ್ತು. ಸುಣ್ಣ, ಈರುಳ್ಳಿ ಅಂತ ಕಾದೆ. ಎರಡು, ಅಲರ್ಜಿ ಮಾತ್ರೆ ಕೊಟ್ಟಾಯಿತಲ್ಲ ಅಂತ ನಿರಾಳವಾದೆ. ಆ ಮಾತ್ರೆ ತುರಿಕೆ ಇಳಿಸುತ್ತದೆ, ಕುಸಿಯುವ ರಕ್ತದೊತ್ತಡವನ್ನು ಎತ್ತುವುದಿಲ್ಲ, ಗಂಟಲ ಊತವನ್ನು ಆ ವೇಗದಲ್ಲಿ ಇಳಿಸುವುದಿಲ್ಲ. ಮೂರನೆಯದು ನೆನೆದರೆ ಈಗಲೂ ಮೈ ನಡುಗುತ್ತದೆ. ಅಪ್ಪನನ್ನು ಎಬ್ಬಿಸಿ ನಡೆಸಿದ್ದು. ಇಂಥ ಹೊತ್ತಿನಲ್ಲಿ ಮಲಗಿಸಿ ಕಾಲು ಎತ್ತರಿಸಿಡಬೇಕು. ಉಸಿರಾಟ ತೀರಾ ಕಷ್ಟವಾದರೆ ಒರಗಿ ಕೂರಲು ಬಿಡಬೇಕು. ದಿಢೀರನೆ ನಿಲ್ಲಿಸಿದರೆ ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾಗಿ ಜೀವಕ್ಕೆ ಕುತ್ತು ಬರಬಹುದು. 108ಕ್ಕೆ ಕರೆ ಮಾಡಿದರೆ ‘ಹುಳ ಕಚ್ಚಿದೆ’ ಅಂತಷ್ಟೇ ಅನ್ನಬೇಡಿ. ‘ಉಸಿರು ಕಟ್ಟುತ್ತಿದೆ, ಪ್ರಜ್ಞೆ ತಪ್ಪುತ್ತಿದೆ’ ಅನ್ನಿ. ಕಚ್ಚಿದ್ದು ಜೇನಾದರೆ ಕೊಂಡಿ ಚರ್ಮದಲ್ಲೇ ಉಳಿದು ವಿಷ ಬಿಡುತ್ತಿರುತ್ತದೆ. ಉಗುರಿನಲ್ಲೋ ಬೆರಳಿನಲ್ಲೋ, ಹೇಗಾದರೂ ಸರಿ, ತಕ್ಷಣ ಕಿತ್ತುಹಾಕಿ. ಸುಧಾರಿಸಿದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಮರುಕಳಿಸಬಹುದು. ಅದಕ್ಕೇ ಡಾಕ್ಟರು ಅಪ್ಪನನ್ನು ರಾತ್ರಿಯಿಡೀ ಅಲ್ಲೇ ಉಳಿಸಿಕೊಂಡರು.

ಮರುದಿನ ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು, ‘ನಿಮಗೆ ಈ ಅಲರ್ಜಿ ಇದೆ ಅಂತ ಕೆಲಸದ ಜಾಗದಲ್ಲಿ ತಿಳಿಸಿಡಿ.’ ಅಪ್ಪ ತಲೆಯಾಡಿಸಿದರು. ಆಟೊದಲ್ಲಿ ಕೂತ ಮೇಲೆ ನನ್ನ ಕಡೆ ತಿರುಗಿ, ‘ಮೇಸ್ತ್ರಿಗೆ ಏನೂ ಹೇಳಬೇಡ. ಪಿತ್ತ ಆಗಿತ್ತು ಅನ್ನು’ ಅಂದರು.

ನನಗೆ ಸಿಟ್ಟು ಬಂತು. ಮನೆಗೆ ಬಂದು ಜಗಳವನ್ನೂ ಆಡಿದೆ. ಆಗ ಅಪ್ಪ ಹೇಳಿದ್ದು ಇಷ್ಟೇ: ‘ಕಡಜ ಕಚ್ಚಿದರೆ ಸಾಯ್ತಾನೆ ಅಂತ ಗೊತ್ತಾದ ಪೇಂಟರ್‌ನ ಯಾರು ಸಾರ್ವೆ ಹತ್ತಿಸ್ತಾರೆ?’

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಎಷ್ಟು ಓದಿದರೂ ಸಿಗುವ ಸಲಹೆ ಒಂದೇ: ಅಲರ್ಜಿ ಇರುವವರು ಮಾಲೀಕರಿಗೆ ತಿಳಿಸಬೇಕು, ಕೈಗೆ ಪಟ್ಟಿ ಕಟ್ಟಿಕೊಳ್ಳಬೇಕು, ಇಂಜೆಕ್ಷನ್ ಪೆನ್ ಜೇಬಿನಲ್ಲಿಟ್ಟುಕೊಳ್ಳಬೇಕು. ತಿಂಗಳ ಸಂಬಳ, ವಿಮೆ ಇರುವವರಿಗೆ ಇದು ಸರಿ. ಮೇಸ್ತ್ರಿ ಬೆಳಿಗ್ಗೆ ‘ಬಾ’ ಅಂದರೆ ಮಾತ್ರ ಆ ದಿನದ ಕೂಲಿ ಇರುವವನಿಗೆ, ಖಾಯಿಲೆ ಹೇಳಿಕೊಳ್ಳುವುದು ಅಂದರೆ ಕೆಲಸ ಬಿಟ್ಟ ಹಾಗೆ. ಕೆಲಸದ ವೇಳೆ ಗಾಯವಾದರೆ ಪರಿಹಾರ ಕೊಡಬೇಕೆಂಬ ಕಾಯ್ದೆ ನಮ್ಮಲ್ಲಿ 1923ರಲ್ಲೇ ಬಂದಿದೆ. ಆದರೆ ಹಾಜರಿ ಪುಸ್ತಕದಲ್ಲೇ ಹೆಸರಿಲ್ಲದವನು ತಾನು ಅಲ್ಲಿ ಕೆಲಸಕ್ಕಿದ್ದೆ ಅಂತ ಸಾಬೀತು ಮಾಡುವುದಾದರೂ ಹೇಗೆ?

ಹಾಗಾಗಿ ನನ್ನ ವಾದ ಇದು: ಯಾರಿಗೆ ಅಲರ್ಜಿ ಇದೆ ಅಂತ ಹುಡುಕುವುದನ್ನು ಬಿಡೋಣ. ಯಾರಿಗೆ ಬೇಕಾದರೂ ಆಗಬಹುದು ಅಂದುಕೊಂಡು ಕೆಲಸದ ಜಾಗವನ್ನೇ ಸಿದ್ಧವಾಗಿಡೋಣ. ಹೆಲ್ಮೆಟ್ ಕೊಡುವಾಗ ‘ನಿನ್ನ ತಲೆ ಗಟ್ಟಿನಾ’ ಅಂತ ಯಾರೂ ಕೇಳುವುದಿಲ್ಲವಲ್ಲ?

ಇದು ಪೇಂಟರ್‌ಗಳ ಸಮಸ್ಯೆ ಮಾತ್ರವೂ ಅಲ್ಲ. ಕಂಬ ಹತ್ತುವ ಲೈನ್‌ಮನ್, ಕೇಬಲ್ ಎಳೆಯುವ ಹುಡುಗ, ನೀರಿನ ಟ್ಯಾಂಕ್ ತೊಳೆಯುವವರು, ಉದ್ಯಾನದ ಮಾಲಿ, ಕೊಂಬೆ ಕಡಿಯುವವರು ಎಲ್ಲರೂ ಗೂಡಿಗೆ ಕೈ ಹಾಕುವವರೇ. ನನ್ನ ಬೆಂಚಿನ ಗೆಳೆಯ ಸೋಮವಾರಪೇಟೆಯವನು. ಕಾಫಿ ತೋಟದಲ್ಲಿ ಮರಗಸಿ ಮಾಡಲು ಮರ ಹತ್ತಿದವರು ಹೆಜ್ಜೇನು ಎದ್ದರೆ ಇಳಿಯುವುದೋ ಹಾರುವುದೋ ತಿಳಿಯದೆ ಒದ್ದಾಡುವುದನ್ನು ಅವನು ಕಂಡಿದ್ದಾನೆ. ಅಲ್ಲಿ ಸಿಗ್ನಲ್ ಇಲ್ಲ, ಆದರೆ ಆಸ್ಪತ್ರೆಯೂ ಹತ್ತಿರವಿಲ್ಲ.

ಹಾಗಾದರೆ ಗೂಡುಗಳನ್ನೆಲ್ಲ ಸುಟ್ಟುಬಿಡೋಣ ಅಂತ ಕೆಲವರು ಅನ್ನಬಹುದು. ಅದೂ ಪರಿಹಾರವಲ್ಲ. ಹೂವು ಕಾಯಾಗಲು ಜೇನು ಬೇಕು, ಗಿಡ ತಿನ್ನುವ ಹುಳುಗಳನ್ನು ಹಿಡಿಯಲು ಕಡಜ ಬೇಕು. ಎತ್ತರದ ಮರ ಕಡಿದು ಎತ್ತರದ ಕಟ್ಟಡ ಎಬ್ಬಿಸಿದವರು ನಾವು, ಹೆಜ್ಜೇನು ಕೊಂಬೆಯ ಬದಲು ನಮ್ಮ ಸಜ್ಜೆಯಡಿ ಗೂಡು ಕಟ್ಟಿದರೆ ಅದರ ತಪ್ಪೇನು? ಹೊಗೆ, ವಿಷ ಹಾಕಿ ಕೆಣಕಿದರೆ ಎದ್ದ ಹಿಂಡು ಮೊದಲು ಹುಡುಕುವುದು ಕೆಳಗೆ ನಡೆದು ಹೋಗುವವರನ್ನೇ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಸಾರ್ವೆ ಕಟ್ಟುವ ಮೊದಲು ಸಜ್ಜೆ, ಎ.ಸಿ. ಪೆಟ್ಟಿಗೆ, ಪೈಪಿನ ಸಂದು ಎಲ್ಲವನ್ನೂ ಒಮ್ಮೆ ಕೆಳಗಿನಿಂದ ನೋಡಬೇಕು. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದರೆ ಸಾಕು. ಗೂಡಿದ್ದರೆ ತಿಳಿದವರನ್ನು ಕರೆಸಿ ತೆಗೆಸುವವರೆಗೆ ಆ ಬದಿಯ ಕೆಲಸ ಮುಂದೂಡಬೇಕು, ಆ ದಿನದ ಕೂಲಿ ಕತ್ತರಿಸಬಾರದು. ಅಡ್ರಿನಾಲಿನ್ ಎಲ್ಲರೂ ಚುಚ್ಚುವಂಥದ್ದಲ್ಲ, ನಿಜ. ಆದರೆ ನೂರಾರು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಒಬ್ಬರಾದರೂ ಡಾಕ್ಟರೋ ನರ್ಸೋ ಇರುತ್ತಾರೆ. ಅವರ ಮನೆ ನಂಬರು ವಾಚ್‌ಮನ್ ಕೈಯಲ್ಲಿರಲಿ. ಹತ್ತಿರದ ಯಾವ ಕ್ಲಿನಿಕ್ಕಿನಲ್ಲಿ ಈ ಮದ್ದು ಇದೆ ಅಂತ ಕೆಲಸ ಶುರುವಾಗುವ ದಿನವೇ ವಿಚಾರಿಸಿ ಗೇಟಿನ ಬಳಿ ಬರೆದಿಡಿ. ಸರ್ಕಾರವೂ ಮನಸ್ಸು ಮಾಡಬಹುದು. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿತು. ಜೇನು, ಕಡಜದ ಕುಟುಕಿಗೂ ಅಂಥ ಲೆಕ್ಕ ಇಟ್ಟರೆ ಯಾವ ಕೆಲಸದಲ್ಲಿ ಎಷ್ಟು ಜನರಿಗೆ ಅಪಾಯ ಅನ್ನುವುದು ಕಾಣಿಸುತ್ತದೆ.

ನನ್ನ ಹಾಗೆ ಬಿ.ಇ. ಓದುವವರಿಗೆ ಒಂದು ಮಾತು. ತೊಡೆಗೆ ಒತ್ತಿದರೆ ತಾನೇ ಚುಚ್ಚಿ ಮದ್ದು ಬಿಡುವ ಎಪಿಪೆನ್‌ಗೆ ಮೂಲವಾದ ಸಾಧನವನ್ನು ರೂಪಿಸಿದ್ದು ಡಾಕ್ಟರಲ್ಲ, ಎಂಜಿನಿಯರ್. ನಾಸಾದಲ್ಲಿ ಕೆಲಸ ಮಾಡಿದ್ದ ಶೆಲ್ಡನ್ ಕಪ್ಲಾನ್ 1970ರ ದಶಕದಲ್ಲಿ ಸೈನಿಕರಿಗೆಂದು ಮಾಡಿದ್ದು ಅದು, ವಿಷಾನಿಲದಿಂದ ಉಳಿಸುವ ಮದ್ದಿಗಾಗಿ. ಅಡ್ರಿನಾಲಿನ್ ತುಂಬಿದ ಎಪಿಪೆನ್‌ಗೆ ಅಮೆರಿಕದಲ್ಲಿ 1987ರಲ್ಲಿ ಅನುಮತಿ ಸಿಕ್ಕಿತು. ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಅಂಗಡಿಯವರಿಗೆ ಹೆಸರೇ ಗೊತ್ತಿರಲಿಲ್ಲ. ಒಳಗಿರುವುದು ಒಂದು ಸ್ಪ್ರಿಂಗ್, ಒಂದು ಸೂಜಿ, ಒಂದು ತಡೆ. ಕಡಿಮೆ ಬೆಲೆಯಲ್ಲಿ, ನಂಬುವಂತೆ ಮಾಡುವುದು ಸುಲಭವಲ್ಲ. ಆದರೂ ಫೈನಲ್ ಇಯರ್ ಪ್ರಾಜೆಕ್ಟಿಗೆ ದುಡ್ಡು ಕೊಟ್ಟು ಕೊಳ್ಳುವ ಲೈನ್ ಫಾಲೋವರ್ ರೋಬೊಗಿಂತ ಇದರ ಮೇಲೆ ತಲೆ ಕೆಡಿಸಿಕೊಳ್ಳುವುದು ಮೇಲು. ಮೆಕ್ಯಾನಿಕಲ್‌ನ ನಾವು ಮೂವರು ಆಗಲೇ ಗೈಡ್ ಹತ್ತಿರ ಮಾತಾಡಿದ್ದೇವೆ.

ಅಪ್ಪ ಮೂರನೇ ದಿನವೇ ಕೆಲಸಕ್ಕೆ ಹೋದರು. ಈಗ ಸಾರ್ವೆ ಹತ್ತುವ ಮೊದಲು ಐದು ನಿಮಿಷ ಕೆಳಗೆ ನಿಂತು ಮೇಲೆ ನೋಡುತ್ತಾರಂತೆ. ಜೊತೆಯವರು ‘ಏನಣ್ಣ, ಕಟ್ಟಡಕ್ಕೆ ದೃಷ್ಟಿ ತೆಗೀತೀಯಾ’ ಅಂತ ನಗುತ್ತಾರಂತೆ. ನಿಮ್ಮ ಮನೆಗೆ ಮುಂದಿನ ಸಲ ಪೇಂಟರ್ ಬಂದಾಗ ಕಾಫಿ ಕೊಡುವುದರ ಜೊತೆಗೆ ಗೂಡು ಎಲ್ಲಿದೆ ಅಂತ ಒಂದು ಮಾತು ಹೇಳಿ.

ಈ ಲೇಖನ ಓದಿ ಹೇಳಿದಾಗ ಅಪ್ಪ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಒಂದೇ ತಿದ್ದುಪಡಿ ಹೇಳಿದರು: ‘ಚೆನ್ನಾಗಿದೆ. ನನ್ನ ಹೆಸರು ಮಾತ್ರ ಹಾಕಬೇಡ.’

ಹಾಕಿಲ್ಲ.